ಹೊಳೆಯಾಚೆಗೆ ಕೈಮಾತು

ಗಂಟಕ್ಕನ ಹೆದರಿಕೆ ಹುಟ್ಟಿನಿಂದ ಬಂದದ್ದಲ್ಲ, ಗಂಡನಿಂದ ಬಂದದ್ದು. ಹಾಗೆಂದು ಅವನೇನು ಹೊಡೆಯುವವನಲ್ಲ, ಬೈಯುವವನಲ್ಲ. ಇರುವೆ ಸಾಲಿಗೂ ದಾರಿ ಬಿಟ್ಟು ನಡೆಯುವ ಸಾಧು ಪ್ರಾಣಿ. ಆದರೆ ಕಿವಿ ಕೇಳಿಸುವುದಿಲ್ಲ. ಕಿವಿ ಕೇಳದವನಿಗೆ ಲೋಕದ ಅರ್ಧ ಭಯ ತಾನಾಗಿಯೇ ಮಾಫಿ. ಬೆನ್ನ ಹಿಂದೆ ಲಾರಿಯವನು ಹಾರ್ನ್ ಹೊಡೆದು ಹೊಡೆದು ಸಾಯುತ್ತಿದ್ದರೂ ಈ ಗಂಡ ಮದುಮಗನ ಹಾಗೆ ನಡೆದು ಹೋಗುತ್ತಾನೆ. ಅವನು ಪಡದೆ ಉಳಿಸಿದ ಭಯವನ್ನು ಯಾರಾದರೂ ಪಡಬೇಕಲ್ಲ? ಅದನ್ನು ಹೆಂಡತಿ ಪಡುತ್ತಿದ್ದಳು. ಅವಳ ಪಾಲಿನದ್ದು ಬೇರೆ ಇತ್ತು. ಹೀಗೆ ಎರಡಾಳಿನ ಹೆದರಿಕೆಯನ್ನು ಒಬ್ಬಳೇ ಹೊತ್ತುಕೊಂಡು, ಐವತ್ತು ದಾಟಿದ ಮೇಲೆ, ಅವಳು ಪರದೇಶದ ವಿಮಾನ ಹತ್ತಿದಳು.

ಗಂಟಕ್ಕ ಎಂಬುದು ಮಿಲ್ಲಿನಲ್ಲಿ ಬಿದ್ದ ಹೆಸರು. ಹೊಸದಾಗಿ ಕೇಳಿದವರು ಸದಾ ಮುಖ ಗಂಟಿಕ್ಕಿಕೊಂಡಿರುವ ಹೆಂಗಸೇನೋ ಎಂದುಕೊಳ್ಳುತ್ತಿದ್ದರು. ಮುಖ ಗಂಟಿಕ್ಕುವುದೂ ಇತ್ತು, ಸುಳ್ಳೇಕೆ ಹೇಳಬೇಕು. ಆದರೆ ಹೆಸರು ಬಂದದ್ದು ಅದಕ್ಕಲ್ಲ. ಮಗ್ಗದಲ್ಲಿ ನೂಲು ಕಡಿದರೆ ಕಣ್ಣು ಮಿಟುಕಿಸುವುದರೊಳಗೆ ಎರಡೂ ತುದಿ ಹಿಡಿದು ಗಂಟು ಹಾಕಿಬಿಡುತ್ತಿದ್ದಳು. ಆಮೇಲೆ ಬಟ್ಟೆಯ ಮೇಲೆ ಬೆರಳಾಡಿಸಿದರೂ ಅದು ಎಲ್ಲಿದೆ ಎಂದು ಸಿಕ್ಕುತ್ತಿರಲಿಲ್ಲ. ಗಂಡ ಅದೇ ಮಿಲ್ಲಿನಲ್ಲಿ ಮಗ್ಗ ರಿಪೇರಿ ಮಾಡುತ್ತಿದ್ದ. ಅವನನ್ನು ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು. ಬೇರೆಯವರ ಮುಂದೆ ಅವಳೂ ಹಾಗೇ ಹೇಳುತ್ತಿದ್ದಳು.

ಸಾಲು ಸಾಲು ಮಗ್ಗಗಳು ಒಟ್ಟಿಗೆ ಬಡಿಯುವ ಆ ಶೆಡ್ಡಿನಲ್ಲಿ ಕಿವಿಗೆ ಬಾಯಿಟ್ಟು ಕೂಗಿದರೂ ಮಾತು ತಲುಪುತ್ತಿರಲಿಲ್ಲ. ಹಾಗಾಗಿ ಅಲ್ಲಿದ್ದವರೆಲ್ಲ ತುಟಿಯಲ್ಲಿ, ಕೈಯಲ್ಲಿ ಮಾತಾಡುವುದನ್ನು ಕಲಿತಿದ್ದರು. ದನಿ ಬೇಕಿಲ್ಲ, ಎದುರಿಗೆ ಮುಖ ಕಂಡರೆ ಸಾಕು. ಇದರಲ್ಲಿದ್ದ ಒಂದೇ ತೊಂದರೆ ಎಂದರೆ ಗುಟ್ಟು ನಿಲ್ಲುತ್ತಿರಲಿಲ್ಲ. ಮೇಸ್ತ್ರಿ ಪ್ರಾಯದಲ್ಲಿ ಮಗ್ಗಗಳ ನಡುವಿನ ಓಣಿಯ ಆಚೆಯಿಂದ ತುಟಿಯಲ್ಲೇ ‘ನಿಮ್ಮಪ್ಪನ ಹತ್ರ ಬಂದು ಕೇಳ್ಲಾ?’ ಅಂದಾಗ, ಅವಳು ನಾಚಿ ತಲೆ ತಗ್ಗಿಸುವ ಮೊದಲೇ ಇಡೀ ಸಾಲಿನ ಹೆಂಗಸರು ‘ಬಾ ಬಾ’ ಎಂದು ಕೈ ಮಾಡಿ ಒಪ್ಪಿಗೆ ಕೊಟ್ಟಾಗಿತ್ತು.

ಆ ಕೈಮಾತಿನಲ್ಲಿ ನೂರು ಸನ್ನೆಗಳಿದ್ದರೂ ಎರಡನ್ನು ಮಾತ್ರ ಯಾರೂ ತಮಾಷೆಗೂ ಸುಮ್ಮಸುಮ್ಮನೆ ಮಾಡುತ್ತಿರಲಿಲ್ಲ. ಅಂಗೈ ಬಿಡಿಸಿ ತಲೆಯ ಮೇಲೆತ್ತಿ ಕೊಡಲಿಯಂತೆ ಕೆಳಗೆ ಬೀಸಿದರೆ, ‘ಬೆಲ್ಟು ಜಾರಿತು’ ಎಂದರ್ಥ. ಮೇಲಿನ ಗಾಲಿಯಿಂದ ಮಗ್ಗಕ್ಕೆ ಇಳಿಯುವ ಆ ಅಗಲವಾದ ಬೆಲ್ಟು ಕಳಚಿ ಬೀಸಿತೆಂದರೆ ಎಲುಬು ಉಳಿಯದು. ಒಬ್ಬನ ತೋಳನ್ನು ಅದು ತೆಗೆದುಕೊಂಡು ಹೋದದ್ದನ್ನು ಎಲ್ಲರೂ ಕಂಡಿದ್ದರು. ಆ ಸನ್ನೆ ಕಂಡವನು ಏನು, ಎತ್ತ ಎಂದು ಕೇಳಬಾರದು, ತಿರುಗಿ ನೋಡಬಾರದು, ಇದ್ದಲ್ಲಿಂದ ಎದ್ದು ಓಡಬೇಕು. ಇನ್ನೊಂದು, ಎರಡು ಬೆರಳಿನಿಂದ ಮೂಗಿನ ಮೇಲಕ್ಕೆ ಇಲ್ಲದ ಕನ್ನಡಕವನ್ನು ತಳ್ಳುವುದು. ಅಂದರೆ ಕನ್ನಡಕದ ಸೂಪರ್‌ವೈಸರ್ ನಿನ್ನ ಬೆನ್ನ ಹಿಂದೆ ನಿಂತಿದ್ದಾನೆ: ಅಲುಗಬೇಡ, ತಲೆ ಎತ್ತಬೇಡ, ತಿರುಗಬೇಡ, ಕೈಗೆ ಸಿಕ್ಕ ಕೆಲಸ ಮಾಡುತ್ತಿರು. ಬೆಲ್ಟಿಗಿಂತ ಸೂಪರ್‌ವೈಸರನ ಸನ್ನೆಗೇ ಜನ ಹೆಚ್ಚು ಹೆದರುತ್ತಿದ್ದರು.

ಶೆಡ್ಡಿನ ಸದ್ದು ವರ್ಷ ಹೋದಂತೆಲ್ಲ ಮೇಸ್ತ್ರಿಯ ಕಿವಿಯನ್ನು ನುಂಗಿತು. ಗಂಟಕ್ಕ ನಡುವೆಯೇ ಬಟ್ಟೆ ತಪಾಸಣೆಯ ಕೋಣೆಗೆ ಹೋದದ್ದರಿಂದ ಅವಳ ಕಿವಿ ಉಳಿಯಿತು. ಮನೆಯಲ್ಲೂ ಅದೇ ಕೈಮಾತೇ ನಡೆಯಿತು. ಮಗಳು ಮಾತು ಕಲಿಯುವ ಮೊದಲು ಬೆರಳಲ್ಲಿ ಹಾಲು ಕೇಳಿದಳು. ಅವಳಿಗೆ ಮದುವೆಯಾಯಿತು, ಮಿಲ್ಲು ಮುಚ್ಚಿತು. ಇನ್ನೇನು ಎಂದು ಕುಳಿತಿದ್ದಾಗ ಮಿಲ್ಲಿನ ಹಳೆಯ ಮ್ಯಾನೇಜರು ಕರೆ ಮಾಡಿದರು. ದೂರದೇಶದಲ್ಲಿ ದಪ್ಪ ಡೇರೆಬಟ್ಟೆ ನೇಯುವ ಕಾರ್ಖಾನೆಯಿದೆ, ಹಳೆಯ ಮಗ್ಗಗಳು, ಅವುಗಳ ರೋಗ ಗೊತ್ತಿರುವವರು ಅಲ್ಲಿಲ್ಲ, ಗಂಡಹೆಂಡಿರಿಬ್ಬರಿಗೂ ಕೆಲಸ ಎಂದರು. ನೆಂಟರು ‘ಈ ವಯಸ್ಸಲ್ಲಿ ಪರದೇಶವೇ?’ ಎಂದು ಮೂಗಿನ ಮೇಲೆ ಬೆರಳಿಟ್ಟರು. ಮೇಸ್ತ್ರಿ ಆಗಲೇ ಪೆಟ್ಟಿಗೆಯ ಧೂಳು ಒರೆಸುತ್ತಿದ್ದ.

ಕಾರ್ಖಾನೆಯವರು ಕೊಟ್ಟದ್ದು ಸಾಲುಮನೆಯ ಕೊನೆಯ ಮನೆ. ಒಂದು ಕೋಣೆ, ಒಂದು ಅಡಿಗೆಮನೆ, ಹಿಂದೆ ಕೈಯಗಲದ ಅಂಗಳ. ಅಂಗಳದ ಬೇಲಿ ದಾಟಿದರೆ ಜೊಂಡು, ಜೊಂಡಿನಾಚೆ ಹೊಳೆ, ಹೊಳೆಯಾಚೆ ಕಾಡು. ಕಾಡೆಂದರೆ ಮುಗಿಯದ ಕಾಡು. ಬಂದ ವಾರವೇ ಕಾಡುಹಂದಿ ಅಂಗಳವನ್ನು ನೇಗಿಲು ಹೊಡೆದಂತೆ ಹೂಡಿ ಹೋಯಿತು. ಬಟ್ಟೆ ಒಣಹಾಕುವ ಕಂಬಕ್ಕೆ ಹಾವು ಸುತ್ತಿಕೊಂಡಿತ್ತು. ಅದನ್ನು ಕಂಡ ಮೇಲೆ ಗಂಟಕ್ಕ ಹಗ್ಗ ಮುಟ್ಟುವ ಮೊದಲು ಕೋಲಿನಿಂದ ತಟ್ಟಿ ನೋಡುವುದನ್ನು ರೂಢಿ ಮಾಡಿಕೊಂಡಳು. ಜನರ ಮಾತು ತಿಳಿಯದು. ಅಂಗಡಿಯವಳು ನಕ್ಕರೆ ಏಕೆ ನಕ್ಕಳು ಎಂದು ಹೆದರಿಕೆ, ನಗದಿದ್ದರೆ ಏಕೆ ನಗಲಿಲ್ಲ ಎಂದು ಹೆದರಿಕೆ.

ಉರಿಯುವ ಬೆಂಕಿಗೆ ತುಪ್ಪ ಸುರಿಯಲು ಕ್ಯಾಂಟೀನಣ್ಣ ಒಬ್ಬನಿದ್ದ. ಕಾರ್ಖಾನೆಯ ಕ್ಯಾಂಟೀನು ನಡೆಸುವವನು, ಅಲ್ಲಿ ಕನ್ನಡ ಬಲ್ಲ ಇನ್ನೊಂದೇ ಜೀವ. ಬಹಳ ವರ್ಷದಿಂದ ಇದ್ದವನಾದ್ದರಿಂದ ಕಾಡೆಲ್ಲ ತನ್ನ ಮಾವನ ಮನೆ ಎಂಬಂತೆ ಮಾತಾಡುತ್ತಿದ್ದ.

“ಅಕ್ಕಾ, ಹಂದಿ ಏನೂ ಅಲ್ಲ. ಕರಡಿ ಕಂಡ್ರೆ ಹುಷಾರು. ಒಂಟಿ ಕರಡಿ ತನ್ನ ಪಾಡಿಗೆ ತಾನು ಹೋಗತ್ತೆ. ಮರಿ ಜೊತೆಗಿದ್ದ ತಾಯಿ ಇದ್ಯಲ್ಲ, ಅದರ ಮುಂದೆ ಓಡಿದ್ರೋ, ಕತೆ ಮುಗೀತು. ಅದರ ಕಣ್ಣಲ್ಲಿ ಕಣ್ಣಿಟ್ಟು ನೋಡಬಾರ್ದು, ಕೂಗಬಾರ್ದು. ಕಂಬದ ಹಾಗೆ ನಿಂತ್ಬಿಡಬೇಕು.”

“ನೀವು ನಿಂತಿದ್ರಾ ಅಣ್ಣಾ?”

“ನಾನ್ಯಾಕೆ ಆ ಕಡೆ ಹೋಗ್ಲಿ? ನನಗೇನು ಹುಚ್ಚಾ?” ಎಂದ ಕ್ಯಾಂಟೀನಣ್ಣ.

ಆದರೂ ಮೇಸ್ತ್ರಿಗೆ ದುರ್ಬೀನು ಕೊಟ್ಟವನು ಇದೇ ಪುಣ್ಯಾತ್ಮ. ಯಾರೋ ಬಿಟ್ಟುಹೋಗಿದ್ದ ಹಳೆಯ ದುರ್ಬೀನು, ಒಂದು ಗಾಜಿನಲ್ಲಿ ಸಣ್ಣ ಗೀರು. ಮೇಸ್ತ್ರಿ ಅದನ್ನು ಬಿಚ್ಚಿ, ಒರೆಸಿ, ಸ್ಕ್ರೂ ಬಿಗಿದು ಅಡಿಗೆಮನೆಯ ಕಿಟಕಿಯಲ್ಲಿ ಹಿಡಿದ. ಜೊಂಡಿನ ಮೇಲೆ ನೀಲಿ ಕಿಡಿಯೊಂದು ಹಾರಿತು. ಆವತ್ತಿನಿಂದ ಮನುಷ್ಯ ಮನುಷ್ಯನಾಗಿ ಉಳಿಯಲಿಲ್ಲ. ಚಹಾ ಆರಿದರೂ ಗೊತ್ತಾಗದು, ತಿಂಡಿ ಮುಂದಿಟ್ಟರೂ ಕಾಣದು.

“ಬಾರೇ ಇಲ್ಲಿ, ಈ ಮರಕುಟಿಗ ನೋಡು. ಅದರ ತಲೆ ಒಂದೇ ಲೆಕ್ಕದಲ್ಲಿ ಬಡೀತಿದೆ. ನಮ್ಮ ಮಗ್ಗ ಒಂದೂ ಹೀಗೆ ಓಡ್ಲಿಲ್ಲ.”

ಹಕ್ಕಿ ನೋಡುವವರು ಕೂಗು ಕೇಳಿ ಹಕ್ಕಿಯನ್ನು ಗುರುತಿಸುತ್ತಾರಂತೆ. ಮೇಸ್ತ್ರಿಗೆ ಕೂಗಿನ ಹಂಗಿರಲಿಲ್ಲ. ರೆಕ್ಕೆ ಬಡಿಯುವ ರೀತಿ, ಬಾಲ ಕುಣಿಸುವ ರೀತಿ, ಕುಳಿತಾಗ ಕತ್ತು ಎಳೆದುಕೊಳ್ಳುವ ರೀತಿ ನೋಡಿ ‘ಇದು ನಿನ್ನೆಯದೇ’ ಎನ್ನುತ್ತಿದ್ದ. ಸಿಟ್ಟು ಮಾಡುತ್ತಲೇ ದುರ್ಬೀನು ಇಸಿದುಕೊಂಡ ಗಂಟಕ್ಕ ಅದನ್ನು ಮರಳಿ ಕೊಡುವುದು ತಡವಾಗತೊಡಗಿತು. ಕಿಟಕಿಯಿಂದ ಅಂಗಳಕ್ಕೆ, ಅಂಗಳದಿಂದ ಬೇಲಿಗೆ ಬಂದಳು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ? ಚಳಿ ಕಳೆಯುವಷ್ಟರಲ್ಲಿ ವಾರದ ರಜೆ ಬಂದರೆ ಇಬ್ಬರೂ ಹೊಳೆಯ ದಡದಲ್ಲಿದ್ದರು.

ಅಲ್ಲಿ ಅವರಿಗೆ ತಮ್ಮ ಭಾಗ್ಯ ಏನೆಂದು ತಿಳಿಯಿತು. ಬೇರೆ ಜನ ಪಿಸುಗುಟ್ಟಿದರೂ ಹಕ್ಕಿ ಹಾರುತ್ತದೆ. ಇವರಿಬ್ಬರು ಹೊಳೆಯ ಎರಡು ದಡದಲ್ಲಿ ಎದುರುಬದುರು ಕುಳಿತು ಗಂಟೆಗಟ್ಟಲೆ ಹರಟುತ್ತಿದ್ದರು, ಒಂದು ಗರಿಯೂ ಅಲುಗುತ್ತಿರಲಿಲ್ಲ. ಇತ್ತಕಡೆಯ ದಡದ ಮಣ್ಣಿನಲ್ಲಿ ಮಿಂಚುಳ್ಳಿ ಗೂಡು ಕೊರೆದಿತ್ತು. ಅದು ಕಾಣುವುದು ಅತ್ತಲಿಂದ. ಹಾಗಾಗಿ ಮೇಸ್ತ್ರಿ ಮರದ ಕಿರುಸೇತುವೆ ದಾಟಿ ಆಚೆ ಬಿದ್ದ ಮರದ ದಿಮ್ಮಿಯ ಮೇಲೆ ಕೂರುತ್ತಿದ್ದ. ಗಂಟಕ್ಕ ಈಚೆ, ಗೂಡಿನ ಮೇಲಿನ ದಡದಲ್ಲಿ. ‘ಬಂತು, ಬಾಯಲ್ಲಿ ಮೀನು’ ಎಂದು ಅವನ ಕೈ ಹೇಳುತ್ತಿತ್ತು. ‘ನಿಮ್ಮ ತಲೆ ಮೇಲಿನ ಕೊಂಬೇಲಿ ಹದ್ದು’ ಎಂದು ಇವಳ ಕೈ. ಅಷ್ಟು ಸುಖವನ್ನು ಅವಳು ಮದುವೆಯ ಹೊಸತರಲ್ಲೂ ಕಂಡಿರಲಿಲ್ಲ. ಕಂಡದ್ದಕ್ಕೇ ಹೆದರಿಕೆ ಹೆಚ್ಚಾಯಿತು. ಎಲೆ ಸರ್ರೆಂದರೆ ಕೇಳುವುದು ಅವಳಿಗೆ, ಕಾಡಿಗೆ ಬೆನ್ನು ಹಾಕಿ ಕೂತವನು ಅವನು.

ಆವತ್ತು ಬೆಳಗಿನ ಬಿಸಿಲು ನೀರಿನ ಮೇಲೆ ಬಿದ್ದು ಕಣ್ಣು ಕುಕ್ಕುತ್ತಿತ್ತು. ಮಿಂಚುಳ್ಳಿಯ ಮರಿಗಳು ಗೂಡಿನ ಬಾಯಿಗೆ ಬಂದಿವೆ ಎಂದು ಮೇಸ್ತ್ರಿ ಆಗತಾನೆ ಹೇಳಿದ್ದ. ಎಷ್ಟು ಎಂದು ಕೇಳಲು ಗಂಟಕ್ಕ ಕೈ ಎತ್ತುವಷ್ಟರಲ್ಲಿ ಆಚೆ ದಡದ ಪೊದೆಯಲ್ಲಿ ಒಣಕೊಂಬೆ ಮುರಿದ ಸದ್ದಾಯಿತು. ದಪ್ಪ ಕೊಂಬೆ. ಹಂದಿ ಎಂದುಕೊಂಡಳು, ಹಂದಿಯಾಗಿರಲಿ ಎಂದು ಬೇಡಿಕೊಂಡಳು. ಪೊದೆ ಸೀಳಿ ಮೊದಲು ಒಂದು ಮರಿ ಉರುಳಿಕೊಂಡು ಬಂತು, ಅದರ ಹಿಂದೆ ಇನ್ನೊಂದು. ಅವುಗಳ ಹಿಂದೆ ತಾಯಿ ಕರಡಿ.

ಮೇಸ್ತ್ರಿಯ ಬೆನ್ನಿಗೂ ಅದಕ್ಕೂ ನಡುವೆ ಅವರ ಮನೆಯ ಕೋಣೆಯಷ್ಟೂ ಜಾಗವಿರಲಿಲ್ಲ. ಅವನು ಹಲ್ಲು ಬಿಟ್ಟುಕೊಂಡು ಗೂಡು ನೋಡುತ್ತಿದ್ದ.

ಕೂಗಿದರೆ ಅವನಿಗೆ ಕೇಳುವುದಿಲ್ಲ, ಕರಡಿಗೆ ಕೇಳುತ್ತದೆ. ಅವನು ದುರ್ಬೀನು ಇಳಿಸಿ, ಮರಿಗಳ ಸುದ್ದಿ ಹೇಳಲು ಅವಳತ್ತ ಮುಖ ಎತ್ತಿದ. ಆ ಗಳಿಗೆಯಲ್ಲಿ ಅವಳ ಬುದ್ಧಿ ಏನು ಹೇಳುತ್ತಿತ್ತೋ ಯಾರಿಗೆ ಗೊತ್ತು. ಕೈ ಬುದ್ಧಿಯನ್ನು ಕೇಳಲಿಲ್ಲ. ಬೆನ್ನ ಹಿಂದೆ ಸಾವು ಕಂಡರೆ ಯಾವ ಸನ್ನೆ ಮಾಡಬೇಕೆಂದು ಮಿಲ್ಲು ಅದಕ್ಕೆ ಕಲಿಸಿತ್ತೋ ಅದನ್ನೇ ಮಾಡಿತು. ಅಂಗೈ ತಲೆಯ ಮೇಲೆದ್ದು ಕೆಳಗೆ ಬೀಸಿತು. ಬೆಲ್ಟು ಜಾರಿತು, ಓಡು.

ಮೇಸ್ತ್ರಿ ದಿಮ್ಮಿಯಿಂದ ನೆಗೆದೆದ್ದ. ಅವನು ಎದ್ದದ್ದೇ ತಡ, ಕರಡಿಯೂ ಹಿಂಗಾಲ ಮೇಲೆ ಎದ್ದು ನಿಂತಿತು. ಅವನಿಗಿಂತ ಎತ್ತರ. ಅದರ ಬಾಯಿಂದ ಹೊರಟ ದನಿ ಹೊಳೆ ದಾಟಿ ಬಂತು. ಅವನು ಒಂದು ಕಾಲು ಮುಂದಿಟ್ಟು ಮೈ ಬಾಗಿಸಿದ್ದ, ಇನ್ನು ಒಂದು ಉಸಿರಿನಲ್ಲಿ ಓಡುತ್ತಾನೆ. ಕ್ಯಾಂಟೀನಣ್ಣನ ಮಾತು ಅವಳಿಗೆ ಆಗ ನೆನಪಾಯಿತು. ಅಯ್ಯೋ, ನಾನೇ ಕೊಂದೆ, ನನ್ನ ಕೈಯಾರೆ ಕೊಂದೆ ಎಂದುಕೊಂಡಳು.

ನಿಲ್ಲು ಎಂದರೆ ಅವನು ‘ಏನು’ ಎಂದು ತಿರುಗುತ್ತಾನೆ. ಕರಡಿ ಎಂದರೂ ತಿರುಗುತ್ತಾನೆ. ನಿಲ್ಲಬೇಕು, ತಿರುಗಲೂ ಬಾರದು. ಅಂಥದ್ದು ಒಂದೇ ಇತ್ತು. ಅವಳು ಎರಡು ಬೆರಳನ್ನು ಮೂಗಿಗೆ ಒತ್ತಿ ಇಲ್ಲದ ಕನ್ನಡಕವನ್ನು ಮೇಲಕ್ಕೆ ತಳ್ಳಿದಳು. ತಳ್ಳುತ್ತಲೇ ಇದ್ದಳು. ಮೂಗು ತರಚಿತು.

ಮೇಸ್ತ್ರಿ ಇಟ್ಟ ಕಾಲು ಇಟ್ಟಲ್ಲೇ ನಿಂತ. ತಲೆ ತಾನಾಗಿ ತಗ್ಗಿತು. ಕೈಗಳು ಕೆಲಸ ಹುಡುಕಿದವು; ಸಿಕ್ಕಿದ್ದು ದುರ್ಬೀನಿನ ಪಟ್ಟಿ. ಮಿಲ್ಲಿನಲ್ಲಿ ನಟ್ಟು ಬಿಗಿಯುವಾಗ ಎಷ್ಟು ಶ್ರದ್ಧೆ ಇರುತ್ತಿತ್ತೋ ಅಷ್ಟೇ ಶ್ರದ್ಧೆಯಿಂದ ಆ ಪಟ್ಟಿಯ ಗಂಟು ಬಿಚ್ಚಿದ, ಹಾಕಿದ, ಮತ್ತೆ ಬಿಚ್ಚಿದ.

ಕರಡಿ ನಾಲ್ಕೂ ಕಾಲಿಗೆ ಇಳಿಯಿತು. ಮುಂದೆ ಬಂತು. ಅವನು ಕುಳಿತಿದ್ದ ದಿಮ್ಮಿಯನ್ನು ಮೂಸಿತು, ಪಕ್ಕದಲ್ಲಿದ್ದ ಅವನ ಚೀಲವನ್ನು ಉಗುರಿನಿಂದ ಎಳೆದು ಬ್ರೆಡ್ಡಿನ ಪೊಟ್ಟಣ ಹರಿಯಿತು. ಮರಿಯೊಂದು ಬಂದು ಅದಕ್ಕೆ ಬಾಯಿ ಹಾಕಿತು. ತಾಯಿ ತಲೆ ಎತ್ತಿ ಮೇಸ್ತ್ರಿಯ ಬೆನ್ನನ್ನು ನೋಡಿತು. ಇನ್ನೂ ಒಂದು ಹೆಜ್ಜೆ ಬಂದು, ಮೂಗು ಚಾಚಿ, ಅವನ ಅಂಗಿಯ ಅಂಚಿನ ಹತ್ತಿರ ಗಾಳಿ ಎಳೆದುಕೊಂಡಿತು. ಗಂಟಕ್ಕ ಕಣ್ಣು ಮುಚ್ಚಲಿಲ್ಲ. ಮುಚ್ಚಿದರೆ ಅವನಿಗೆ ಯಾರೂ ಇಲ್ಲ.

ಆಮೇಲೆ ಇನ್ನೊಂದು ಮರಿ ಪೊದೆಯ ಕಡೆಯಿಂದ ಕುಂಯ್‌ಗುಟ್ಟಿತು. ತಾಯಿ ತಿರುಗಿತು, ಬ್ರೆಡ್ಡು ತಿನ್ನುತ್ತಿದ್ದ ಮರಿಗೆ ಒಂದು ಏಟು ಕೊಟ್ಟು ಮುಂದೆ ಮಾಡಿಕೊಂಡು ಬಂದ ದಾರಿಯಲ್ಲೇ ಹೋಯಿತು. ಪೊದೆ ಅಲುಗಿತು, ನಿಂತಿತು.

ಗಂಟಕ್ಕನಿಗೆ ಕೈ ಇಳಿಸಲು ಆಗಲಿಲ್ಲ. ಅದು ಮೂಗಿಗೇ ಅಂಟಿಕೊಂಡಿತ್ತು. ಓರೆಗಣ್ಣಲ್ಲಿ ಅದನ್ನು ಕಂಡ ಮೇಸ್ತ್ರಿ ಅತ್ತ ತಲೆ ತಗ್ಗಿಸಿಯೇ ನಿಂತಿದ್ದ, ಪಟ್ಟಿಯ ಗಂಟು ಹಾಕುತ್ತಲೇ ಇದ್ದ. ಅವಳು ದಡದ ಹುಲ್ಲು ಹಿಡಿದು ಎದ್ದು, ಮೂಗಿನ ಮೇಲೆ ಎರಡು ಬೆರಳಿಟ್ಟುಕೊಂಡೇ ಸೇತುವೆ ದಾಟಿದಳು. ಯಾರಾದರೂ ಕಂಡಿದ್ದರೆ ಹುಚ್ಚಿ ಎನ್ನುತ್ತಿದ್ದರು. ಅವಳ ಕಾಲು ಕಣ್ಣಿಗೆ ಬಿದ್ದಾಗ ಮೇಸ್ತ್ರಿ ಮೆಲ್ಲಗೆ ತಲೆ ಎತ್ತಿದ.

“ಹೋದ್ನಾ? ಇಲ್ಲಿ ಯಾವ ಸೂಪರ್‌ವೈಸರೇ ಮಾರಾಯ್ತಿ? ಮೊದ್ಲು ಬೆಲ್ಟು ಅಂದೆ, ಆಮೇಲೆ ಅವನು ಬಂದ ಅಂದೆ. ಬೆಳಿಗ್ಗೆ ಬೆಳಿಗ್ಗೆ ಚೆನ್ನಾಗಿ ಕುಣಿಸ್ತೀಯ” ಎಂದು ನಕ್ಕ.

ಅವಳು ಅವನ ಹಿಮ್ಮಡಿಯ ಹಿಂದಿನ ಕೆಸರನ್ನು ತೋರಿಸಿದಳು. ಕರಡಿಯ ಹೆಜ್ಜೆಗುರುತು ಇನ್ನೂ ನೀರು ತುಂಬಿಕೊಳ್ಳುತ್ತಿತ್ತು. ಪಕ್ಕದಲ್ಲಿ ಚೀಲ ಸೀಳಿ ಬಿದ್ದಿತ್ತು. ಮೇಸ್ತ್ರಿಯ ನಗು ಬಾಯಲ್ಲೇ ಉಳಿಯಿತು. ಅವನು ಅಲ್ಲೇ ಕೆಸರಿನಲ್ಲಿ ಕುಳಿತುಬಿಟ್ಟ. ಅವಳೂ ಕುಳಿತು ಅವನ ತೋಳಿಗೆ, ಎದೆಗೆ ಹೊಡೆದಳು. ದನಿ ಹೊರಡಲಿಲ್ಲ, ಬರೀ ತುಟಿ ಆಡಿತು.

“ನಾನು ತಪ್ಪು ಸನ್ನೆ ಮಾಡಿದೆ. ಓಡು ಅಂದೆ. ನೀವು ಓಡಿದ್ದಿದ್ರೆ?”

“ನೀನು ಓಡು ಅಂದ್ರೆ ಓಡ್ತೀನಿ, ನಿಲ್ಲು ಅಂದ್ರೆ ನಿಲ್ತೀನಿ. ನನಗೆ ಬೇರೆ ಏನಿದೆ?”

“ನೀವು ಹೋಗಿಬಿಟ್ರೆ ಈ ಊರಲ್ಲಿ ನಾನು ಯಾರ ಹತ್ರ ಮಾತಾಡ್ಲಿ? ನನ್ನ ಕೈ ಯಾರಿಗೆ ಅರ್ಥ ಆಗತ್ತೆ?”

ಅವನು ಅವಳ ತರಚಿದ ಮೂಗನ್ನು ಅಂಗಿಯ ತುದಿಯಿಂದ ಒರೆಸಿದ.

ಕ್ಯಾಂಟೀನಣ್ಣ ಸುದ್ದಿ ಕೇಳಿ, “ಅಕ್ಕಾ, ಗಂಡನ ಜೀವ ಉಳಿಸಿದ್ರಿ, ನೀವು ಸಾಮಾನ್ಯ ಅಲ್ಲ” ಎಂದು ಕಾರ್ಖಾನೆಗೆಲ್ಲ ಸಾರಿದ. ಅರ್ಥವಾಗದ ಜನ ಬಂದು ಅವಳ ಕೈ ಕುಲುಕಿ ಹೋದರು. ಕುಲುಕಿದಾಗಲೆಲ್ಲ ಅವಳು ಕೈ ಹಿಂದಕ್ಕೆ ಎಳೆದುಕೊಳ್ಳುತ್ತಿದ್ದಳು. ಉಳಿಸಿದ ಕೈಯೂ ಅದೇ, ಕರಡಿಯನ್ನು ಎಬ್ಬಿಸಿದ ಕೈಯೂ ಅದೇ.

ಮಗಳು ಫೋನಿನಲ್ಲಿ ಅತ್ತಳು. “ಅಮ್ಮಾ, ಎಲ್ಲ ಬಿಟ್ಟು ಬಂದ್ಬಿಡಿ.”

“ಬಂದು?” ಎಂದಳು ಗಂಟಕ್ಕ.

ಮೇಸ್ತ್ರಿ ಈಗ ಬೇರೆ ಮನುಷ್ಯನಾದ. ಗೋಡೆಗೆ ಬೆನ್ನು ಕೊಟ್ಟಲ್ಲದೆ ಕೂರುತ್ತಿರಲಿಲ್ಲ. ಬೀದಿಯಲ್ಲಿ ನಾಲ್ಕು ಹೆಜ್ಜೆಗೊಮ್ಮೆ ತಿರುಗಿ ನೋಡುತ್ತಿದ್ದ. ಹೆದರಿಕೆ ಹಂಚಿಕೊಂಡರೆ ಕಡಿಮೆಯಾಗುತ್ತದೆ ಎನ್ನುವವರ ಬಾಯಿಗೆ ಮಣ್ಣು ಹಾಕಬೇಕು. ಇಲ್ಲಿ ಅದು ಅವಳಲ್ಲಿ ಇದ್ದಷ್ಟೇ ಇತ್ತು, ಅವನಲ್ಲಿ ಹೊಸದಾಗಿ ಬೆಳೆಯಿತು. ಅದಕ್ಕಿಂತ ಕೆಟ್ಟದ್ದೆಂದರೆ, ದುರ್ಬೀನು ಮೊಳೆಗೆ ನೇತುಬಿದ್ದಿತ್ತು. ಕಿಟಕಿಗೆ ಪರದೆ ಎಳೆದಿತ್ತು. ಕೆಲಸದಿಂದ ಬಂದವನು ಕೈ ಎರಡನ್ನೂ ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತಿರುತ್ತಿದ್ದ. ಆ ಕೈ ಮಾತಾಡದೆ ದಿನಗಟ್ಟಲೆ ಕಳೆಯಿತು. ಕರಡಿ ಅವನನ್ನು ಬಿಟ್ಟು ಹೋಯಿತು, ಆದರೂ ಕೊಂಡೇ ಹೋಯಿತು ಎಂದು ಅವಳಿಗೆ ಅನಿಸತೊಡಗಿತು.

ಒಂದು ರಜೆಯ ದಿನ ಬೆಳಿಗ್ಗೆ ಅವಳೇ ಮೊಳೆಯಿಂದ ದುರ್ಬೀನು ತೆಗೆದಳು.

“ಏಳಿ, ಹೋಗೋಣ.”

“ಹುಚ್ಚಾ ನಿನಗೆ?”

“ಹೂಂ, ಹುಚ್ಚೇ. ಇಲ್ಲೇ ಕೂತ್ರೆ ಅದು ಇನ್ನೂ ಹೆಚ್ಚಾಗತ್ತೆ. ಆ ದಡಕ್ಕೆ ಬೇಡ. ಈಚೆ, ಹುಲ್ಲು ಕತ್ತರಿಸಿದ್ದಾರಲ್ಲ, ಅಲ್ಲೇ ಕೂರೋಣ.”

ಕೂರುವುದು ಹೇಗೆ ಎಂಬುದೇ ದೊಡ್ಡ ಚರ್ಚೆಯಾಯಿತು. ಪಕ್ಕಪಕ್ಕ ಕೂತರೆ ಒಬ್ಬರ ಮಾತು ಒಬ್ಬರಿಗೆ ಕಾಣದು. ಕೊನೆಗೆ ಎದುರುಬದುರು, ಮೊಣಕಾಲಿಗೆ ಮೊಣಕಾಲು ತಾಗುವಷ್ಟು ಹತ್ತಿರ ಕೂತರು. ಅವಳ ಮುಖ ಹೊಳೆಯ ಕಡೆ, ಅವನದ್ದು ಸಾಲುಮನೆಗಳ ಕಡೆ. “ನೀನು ನನ್ನ ಹಿಂದೆ ನೋಡು, ನಾನು ನಿನ್ನ ಹಿಂದೆ ನೋಡ್ತೀನಿ” ಎಂದ ಮೇಸ್ತ್ರಿ. ದುರ್ಬೀನನ್ನು ಅವಳ ಕೈಗೇ ಬಿಟ್ಟ. ಅವಳು ಅದನ್ನು ಹಿಡಿದದ್ದು ಹಕ್ಕಿಗಲ್ಲ, ಆಚೆ ದಡದ ಪೊದೆಗೆ. ಒಂದೊಂದು ಪೊದೆಯನ್ನೂ ನೋಡಿ ಮುಗಿಸಿ ಮತ್ತೆ ಮೊದಲಿಂದ ನೋಡಿದಳು.

ಆಗ ಮಿಂಚುಳ್ಳಿ ಬಂತು. ಅವನ ಭುಜದಾಚೆ, ನೀರಿನ ಮೇಲೆ ಬಾಗಿದ ಜೊಂಡಿನ ಮೇಲೆ ಕೂತಿತು. ಅವಳಿಗೆ ಮೈಯೆಲ್ಲ ಹಗುರಾಯಿತು. ಹೇಳಲೆಂದು ಕೈ ಎತ್ತಿದಳು.

ಮೇಸ್ತ್ರಿಯ ಇಡೀ ಮೈ ಸೆಟೆದುಕೊಂಡಿತು. ಕಣ್ಣು ಅವಳ ಕೈಗೆ ನೆಟ್ಟಿತು, ಕತ್ತು ಭುಜದೊಳಗೆ ಇಳಿಯಿತು. ಓಡಬೇಕೋ ನಿಲ್ಲಬೇಕೋ ಎಂದು ಕಾಯುತ್ತಿದ್ದ.

ಅವಳು ಕೈಯನ್ನು ಹಾಗೇ ಕೆಳಗೆ ತಂದು, ಅವನ ಎರಡೂ ಕೈಗಳನ್ನು ಹಿಡಿದುಕೊಂಡಳು. ಬರೀ ತುಟಿಯಲ್ಲಿ ಹೇಳಿದಳು.

“ಹಕ್ಕಿ. ಹಕ್ಕಿ ಅಷ್ಟೇ.”

ಅವನು ಅವಳ ಬಾಯನ್ನೇ ನೋಡಿದ. ತಿರುಗಲಿಲ್ಲ, ತಿರುಗುವ ಧೈರ್ಯ ಅವನಿಗೆ ಇನ್ನೂ ಬಂದಿರಲಿಲ್ಲ. ಆಮೇಲೆ ಮೆಲ್ಲಗೆ ಕೇಳಿದ:

“ಏನ್ ಮಾಡ್ತಿದೆ, ಹೇಳು.”